ಸತ್ತ ಸ್ವಿಂಗರಿನ ಸಾಕ್ಷ್ಯ

"ನಾನು ಸಹಿ ಹಾಕಲ್ಲ. ಹಾಕ್ಲಾ ಬೇಡ್ವಾ ಅಂತ ಕೇಳೋಕೆ ಬಂದಿಲ್ಲ, ಅದು ತೀರ್ಮಾನ ಆಗಿಹೋಗಿದೆ. ಆದ್ರೆ ನನ್ನ ತಪ್ಪಲ್ಲ ಅಂತ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಅದಕ್ಕೇ ಬಂದೆ."

ಆ ಶನಿವಾರ ಬೆಳಿಗ್ಗೆ ಹಾಲ್ದಿಸ್ ಎಂಗೆರ್‌ಳ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೋಟನ್ನೂ ಬಿಚ್ಚದೆ, ಸಿನ್ನೋವೆ ರೋಕೆ ಹೇಳಿದ ಮೊದಲ ಮಾತು ಇದು. ಕಣ್ಣು ಕೆಂಪಾಗಿತ್ತು. ಅತ್ತದ್ದಕ್ಕಿಂತ ನಿದ್ದೆಗೆಟ್ಟದ್ದಕ್ಕೆ ಆದ ಕೆಂಪು ಅನಿಸಿತು. ಬಗಲಲ್ಲಿ ಲ್ಯಾಪ್‌ಟಾಪನ್ನು ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವಂತೆ ಅವುಚಿಕೊಂಡಿದ್ದಳು.

ಹಾಲ್ದಿಸ್ ವಾಫೆಲ್ ಎಂಬ ಸಿಹಿದೋಸೆಯ ಕಾವಲಿಯ ಮುಚ್ಚಳ ಎತ್ತಿ ನೋಡಿ ಮತ್ತೆ ಮುಚ್ಚಿದಳು. "ಕೂತ್ಕೊ. ಇದು ಬೇಯೋ ಹೊತ್ತಿಗೆ ಏನಾಯ್ತು ಅಂತ ಹೇಳು. ಯಾರ ಮೇಲೆ ಸಿಟ್ಟು ಅನ್ನೋದು ಆಮೇಲೆ. ಓಡ್‌ವಾರ್, ಕಾಫಿ ಕೊಡು."

ಓಡ್‌ವಾರ್ ಎಂದರೆ ನಾನು. ಮೊಸ್ಸಿಗೂ ಹೊರ್ಟೆನ್ನಿಗೂ ನಡುವೆ ಓಡುವ ಫೆರಿಯಲ್ಲಿ ಕಪ್ತಾನನ ಕೈಕೆಳಗಿನ ಮೇಟ್ ಆಗಿದ್ದು ನಿವೃತ್ತನಾದವನು. ಹಾಲ್ದಿಸ್ ಇರುವ ಮನೆಯ ಕೆಳಗಿನ ಅಂತಸ್ತು ನನ್ನದು. ಕಡಲ ಅಪಘಾತಗಳನ್ನು ವಿಚಾರಿಸುವ ಆಯೋಗದಲ್ಲಿ ಅವಳು ಬಹುಕಾಲ ಇದ್ದವಳು. ಮುಳುಗಿದ ಹಡಗು, ಸುಟ್ಟ ಎಂಜಿನ್, ಕಾಣೆಯಾದ ನಾವಿಕ, ಇವುಗಳ ಹಿಂದಿನ ನಿಜ ಹುಡುಕುವುದೇ ಅವಳ ಕಸುಬಾಗಿತ್ತು. ಅವಳು ಕಸುಬು ಬಿಟ್ಟರೂ ಊರು ಅವಳನ್ನು ಬಿಡಲಿಲ್ಲ. ಕಳುವಾದ ದೋಣಿಯಿಂದ ಹಿಡಿದು ಕಳ್ಳ ಉಯಿಲಿನವರೆಗೆ ಎಲ್ಲವೂ ನನ್ನ ಬಾಗಿಲು ದಾಟಿ ಅವಳ ಮೆಟ್ಟಿಲು ಹತ್ತುತ್ತಿದ್ದವು. ನಾನೂ ಹಿಂದೆಯೇ ಹತ್ತುತ್ತಿದ್ದೆ.

ಸಿನ್ನೋವೆ ಹೇಳಿದ್ದು ಇಷ್ಟು. ಅವಳು ಐವಿಂದ್ ಹಾಸ್ಲೆಯ ಕಂಪನಿಯಲ್ಲಿ ಇಂಜಿನಿಯರ್. ಹಾಸ್ಲೆಯ ಕಂಪನಿ ತಯಾರಿಸುವುದು ಸ್ವಿಂಗರ್‌ಗಳನ್ನು. ಕರೆಂಟನ್ನು ಕಿವಿಗೆ ಕೇಳದ ಸದ್ದಾಗಿ ನೀರಿಗೆ ಬಿಟ್ಟು, ಮರಳಿ ಬಂದ ಸದ್ದಿನಿಂದ ಚಿತ್ರ ಮೂಡಿಸುವ ಟ್ರಾನ್ಸ್‌ಡ್ಯೂಸರಿಗೆ ಹೊರ್ಟೆನ್ನಿನಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಮುಳುಗುಗಾರರಿಗಾಗಿ ಹೊಸದೊಂದನ್ನು ಮಾಡಿದ್ದರು. ಅದನ್ನು ದೋಣಿಯಿಂದ ಕೇಬಲಿನಲ್ಲಿ ಕೆಳಗಿಳಿಸಿದರೆ, ಕದಡಿದ ನೀರಿನಲ್ಲಿ ಮುಳುಗುಗಾರ ಎಲ್ಲಿದ್ದಾನೆಂದು ಮೇಲಿನವರಿಗೆ ಪರದೆಯಲ್ಲಿ ಕಾಣುತ್ತದೆ. ದಾರಿ ತಪ್ಪಿದರೆ ಫೋನಿನಲ್ಲಿ ದಾರಿ ಹೇಳಬಹುದು.

ಗುರುವಾರ, ಅದನ್ನು ಕೊಳ್ಳಲಿದ್ದ, ಕಡಲಲ್ಲಿ ಸಿಕ್ಕಿಬಿದ್ದವರನ್ನು ಉಳಿಸುವ ರಕ್ಷಣಾ ಸಂಘದವರ ಎದುರು ಪರೀಕ್ಷೆ ನಡೆಯಿತು. ಯೋಸ್ತೈನ್ ಎಂಬ ಮುಳುಗುಗಾರ ತಳದಲ್ಲಿ ಬಿದ್ದಿದ್ದ ಹಳೆಯ ಸರಕುದೋಣಿಯ, ಅಂದರೆ ಬಾರ್ಜಿನ, ಅವಶೇಷದೊಳಗೆ ಹೋದ. ಕೆಸರು ಎದ್ದಿತು, ಅವನ ಹಗ್ಗ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಮೇಲಿನ ಪರದೆ ಕಪ್ಪಾಯಿತು. ದಾರಿ ಹೇಳುವವರಿಲ್ಲದೆ ಅವನು ಕುರುಡನಂತೆ ತಡಕಾಡಿ, ಗಾಳಿ ಮುಗಿಯುವ ಹೊತ್ತಿಗೆ ಹೊರಬಿದ್ದು, ಒಂದೇ ಉಸಿರಿಗೆ ಮೇಲೆ ಬಂದ. ಜೀವ ಉಳಿಯಿತು. ಅಷ್ಟು ಬೇಗ ಏರಿದ್ದಕ್ಕೆ ಒಂದು ಕಿವಿ ಹೋಯಿತು.

"ಸ್ವಿಂಗರ್ ಸುಟ್ಟುಹೋಯ್ತು, ಅದಕ್ಕೆ ನನ್ನ ಲೆಕ್ಕ ಕಾರಣ ಅಂತಾರೆ," ಎಂದಳು ಸಿನ್ನೋವೆ. "ಎಷ್ಟು ವೋಲ್ಟ್ ಕೊಟ್ರೆ ಅದು ತಡೆಯುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದು ನಾನು. 'ನನ್ನ ಲೆಕ್ಕ ತಪ್ಪಾಗಿತ್ತು' ಅಂತ ಬರೆದ ಪತ್ರವನ್ನ ಐವಿಂದ್ ನಿನ್ನೆ ತಂದ್ರು, ಸೋಮವಾರದೊಳಗೆ ಸಹಿ ಹಾಕಬೇಕಂತೆ."

"ತಪ್ಪಾಗಿತ್ತಾ?"

ಅವಳು ತಲೆ ತಗ್ಗಿಸಲಿಲ್ಲ. "ಒಂದು ತಪ್ಪಿದೆ. ನಾನು ಲೆಕ್ಕ ಹಾಕುವಾಗ ಕೇಬಲ್ ಐದು ಮೀಟರ್ ಅಂತಿತ್ತು. ಇನ್ನೂ ಆಳಕ್ಕೆ ಇಳಿಸಬೇಕು ಅಂತ ಯೋಸ್ತೈನೇ ಕೇಳಿದ, ಹನ್ನೆರಡು ಮಾಡಿದ್ರು. ನಾನು ಕಂಪ್ಯೂಟರಿನ ಮಾದರಿಯಲ್ಲಿ ತಿದ್ದೋದು ಬಿಟ್ಟೆ. ಅದನ್ನ ಒಪ್ಕೋತೀನಿ, ದೊಡ್ಡದಾಗೇ ಹೇಳ್ತೀನಿ. ಆದ್ರೆ ಅದರಿಂದ ಸ್ವಿಂಗರ್ ಸಾಯಲ್ಲ."

"ನೀರಿಗೆ ಇಳಿಸೋ ಮೊದಲು ಅದನ್ನ ಯಾರೂ ಪರೀಕ್ಷೆ ಮಾಡ್ಲಿಲ್ವಾ?"

"ಮಾಡಿದ್ರು. ಅದೇ ಬೆಳಿಗ್ಗೆ ನಮ್ಮಲ್ಲಿ ಅಳತೆ ನೋಡೋ ವೀದಾರ್ ಅಳೆದ, ಸಹಿ ಹಾಕಿದ. ಅವನ ಗ್ರಾಫನ್ನ ನನ್ನ ಗ್ರಾಫಿನ ಮೇಲೆ ಇಟ್ರೆ ಒಂದರ ಮೇಲೊಂದು ಕೂತ್ಕೊಳ್ಳುತ್ತೆ. ಅಷ್ಟು ಚೆನ್ನಾಗಿತ್ತು. ಅದೇ ನನ್ನ ಕುತ್ತಿಗೆಗೆ ಬಂದಿದ್ದು. ಬೆಳಿಗ್ಗೆ ಸರಿಯಾಗಿತ್ತು, ನಿನ್ನ ವೋಲ್ಟ್ ಕೊಟ್ಟ ಮೇಲೆ ಸತ್ತಿತು ಅಂತಾರೆ."

ಹಾಲ್ದಿಸ್ ವಾಫೆಲನ್ನು ತಟ್ಟೆಗೆ ಹಾಕಿ, ಮೇಲೆ ಕಂದು ಚೀಸಿನ ಎರಡು ತುಂಡಿಟ್ಟು ಅವಳತ್ತ ತಳ್ಳಿದಳು. "ತಿನ್ನು. ಆಮೇಲೆ ಆ ಮುಳುಗುಗಾರನನ್ನ ನೋಡಿ ಬರೋಣ."

ತೋನ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ಯೋಸ್ತೈನ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ದೊಡ್ಡ ಆಳು. ಮಾತಾಡುವಾಗ ಒಳ್ಳೆಯ ಕಿವಿಯನ್ನು ನಮ್ಮತ್ತ ತಿರುಗಿಸುತ್ತಿದ್ದ, ಇನ್ನೂ ಅಭ್ಯಾಸವಾಗಿರಲಿಲ್ಲ. ಸಿನ್ನೋವೆಯನ್ನು ಕಂಡು ಮುಖ ಗಂಟಿಕ್ಕಿದ.

"ಕ್ಷಮೆ ಕೇಳೋಕೆ ಬಂದ್ಯಾ?"

"ಇಲ್ಲ. ನಿಮ್ಮ ಕಿವಿ ಹೋಗಿದ್ದಕ್ಕೆ ಸಂಕಟ ಇದೆ. ಆದ್ರೆ ಮಾಡದ ತಪ್ಪಿಗೆ ಕ್ಷಮೆ ಕೇಳಿದ್ರೆ ಮಾಡಿದವರು ಬಚಾವಾಗ್ತಾರೆ."

ಅವನು ಪಕ್ಕದ ಕುರ್ಚಿಯ ಕಡೆ ಕೈ ತೋರಿಸಿದ. "ಸರಿ, ಕೂತ್ಕೊ."

ನೀರಿನೊಳಗೆ ಇಳಿದಾಗಿನಿಂದ ಫೋನಿನಲ್ಲಿ ಏನೇನು ಕೇಳಿತು ಎಂದು ಹಾಲ್ದಿಸ್ ವಿಚಾರಿಸಿದಳು. ಪರದೆಯ ಮುಂದೆ ಕೂತಿದ್ದವನು ಯೋಜನೆಯ ಮುಖ್ಯಸ್ಥ ತೋರ್‌ಗೈರ್. ಯೋಸ್ತೈನ್ ನೆನಪಿಸಿಕೊಂಡು ಹೇಳಿದ: "ಇಳೀತಿದ್ದ ಹಾಗೇ ಅವನು 'ಚಿತ್ರ ಸ್ವಲ್ಪ ಮಂಕಾಗಿದೆ, ಕರೆಂಟು ಜಾಸ್ತಿ ಮಾಡ್ತೀನಿ' ಅಂದ. ಆಮೇಲೆ ಇನ್ನೊಂದ್ಸಲ 'ಇನ್ನೂ ಸ್ವಲ್ಪ ಏರಿಸ್ತೀನಿ' ಅಂದ. ನಾನು ಬಾರ್ಜಿನೊಳಗೆ ಹೋದ ಮೇಲೆ ಅವನ ಮಾತೇ ನಿಂತುಹೋಯ್ತು. ನಾನು ಕರೀತಾನೇ ಇದ್ದೆ. ಏನೂ ಕಾಣಿಸ್ತಿಲ್ಲ ಅಂತಾದ್ರೂ ಹೇಳಬಹುದಿತ್ತು."

"ಇಳೀತಿದ್ದ ಹಾಗೇ ಮಂಕು," ಎಂದು ಹಾಲ್ದಿಸ್ ತನ್ನಷ್ಟಕ್ಕೆ ಅಂದುಕೊಂಡಳು. ಅಲ್ಲಿಂದ ಕಾರಿನಲ್ಲಿ ನೇರ ಹೊರ್ಟೆನ್ನಿಗೆ ಬಂದೆವು.

ಕಂಪನಿಯಲ್ಲಿ ರಜೆಯ ದಿನವೂ ಇಬ್ಬರು ಇದ್ದರು. ಅಳತೆಯ ಕೋಣೆಯಲ್ಲಿ ವೀದಾರ್ ಒಬ್ಬನೇ ಕೂತಿದ್ದ. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಗುರುವಾರದಿಂದ ಅವನಿಗೆ ಊಟ ಸೇರಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಮೇಜಿನ ಮೇಲೆ ಸತ್ತ ಸ್ವಿಂಗರ್ ಇತ್ತು: ಅಂಗೈಯಗಲದ ದುಂಡನೆಯ ಗಟ್ಟಿ, ಸುತ್ತ ರಬ್ಬರಿನ ಹೊದಿಕೆ, ಹಿಂದೆ ಉದ್ದದ ಕೇಬಲಿನ ಸುರುಳಿ. ರಬ್ಬರು ಆ ಬೆಳಿಗ್ಗೆ ನಾವು ತಿಂದ ಕಂದು ಚೀಸಿನ ಬಣ್ಣಕ್ಕಿತ್ತು.

"ಸತ್ತ ಮೇಲೆ ಅಳೆದ್ಯಾ?" ಎಂದಳು ಹಾಲ್ದಿಸ್.

"ಅಳೆದೆ. ಏನೂ ಇಲ್ಲ, ನೇರ ಇಳಿಜಾರು ಗೆರೆ."

"ಗುರುವಾರ ಬೆಳಿಗ್ಗೆ ಹೇಗೆ ಅಳೆದೆ ಅಂತ ಮಾಡಿ ತೋರಿಸು."

ಅವನು ಗೋಡೆಯ ತೂತಿನತ್ತ ಕೈ ತೋರಿಸಿದ. ನೀರಿನ ತೊಟ್ಟಿ ಆಚೆ ಕೋಣೆಯಲ್ಲಿದೆ. ಸ್ವಿಂಗರನ್ನು ಹಿಂದಿನ ಸಂಜೆಯೇ ತೊಟ್ಟಿಗಿಳಿಸಿ ನೆನೆಹಾಕುತ್ತಾರೆ. ಅದಕ್ಕೆ ಮೊದಲು ಪಾತ್ರೆ ತೊಳೆಯುವ ಸೋಪು ಸವರಬೇಕು, ಇಲ್ಲದಿದ್ದರೆ ಮೈಗೆ ಗುಳ್ಳೆಗಳು ಅಂಟಿ ಅಳತೆ ಕೆಡುತ್ತದೆ. ತೆರೆದ ಬಾಗಿಲಿನಾಚೆ ತೊಟ್ಟಿಯ ದಂಡೆಯ ಮೇಲೆ ನಿಂಬೆಯ ಚಿತ್ರವಿದ್ದ ಹಳದಿ ಬಾಟಲಿ ಕಾಣುತ್ತಿತ್ತು. ಕೇಬಲಿನ ತುದಿಯ ಪ್ಲಗ್ಗು ಗೋಡೆಯ ತೂತಿನಿಂದ ಈಚೆ ಬರುತ್ತದೆ, ಅದರ ಕತ್ತಿಗೆ ನಂಬರಿನ ತಗಡಿನ ಬಿಲ್ಲೆ ಸಿಕ್ಕಿಸಿರುತ್ತಾರೆ.

"ನಾನೇ ಇಳಿಸಬೇಕಿತ್ತು," ಎಂದ ವೀದಾರ್. "ಬೆಳಿಗ್ಗೆ ಬಂದಾಗ ಪ್ಲಗ್ಗು ಆಗಲೇ ಇಲ್ಲಿತ್ತು. ಯಾರೋ ಉಪಕಾರ ಮಾಡಿದ್ರು ಅಂದ್ಕೊಂಡೆ. ನಂಬರ್ ನೋಡಿದೆ, ಅಳೆದೆ, ಸಹಿ ಹಾಕಿದೆ. ಆಚೆ ಹೋಗಿ ನೋಡ್ಲಿಲ್ಲ."

"ಯಾರು ಇಳಿಸಿದ್ದು?"

"ಕೇಳ್ದೆ. ನಾನು ಅಂತ ಯಾರೂ ಹೇಳ್ತಿಲ್ಲ."

ಅಷ್ಟರಲ್ಲಿ ತೋರ್‌ಗೈರ್ ಬಂದ. ಊರಲ್ಲಿ ಎಲ್ಲರಿಗೂ ಬೇಕಾದವನು, ಮಕ್ಕಳ ಹ್ಯಾಂಡ್‌ಬಾಲ್ ತಂಡಕ್ಕೆ ತರಬೇತಿ ಕೊಡುವವನು. ಸಿನ್ನೋವೆಯ ಹೆಗಲ ಮೇಲೆ ಕೈಯಿಟ್ಟು, "ನೀನಿನ್ನೂ ಒದ್ದಾಡ್ತಿದ್ದೀಯಲ್ಲ ಮಾರಾಯ್ತಿ," ಎಂದ. "ಸಹಿ ಹಾಕಿಬಿಡು. ಐವಿಂದ್ ಜೊತೆ ನಾನು ಮಾತಾಡಿದ್ದೀನಿ, ನಿನ್ನ ಕೆಲಸಕ್ಕೆ ಏನೂ ಆಗಲ್ಲ. ಲೆಕ್ಕ ಯಾರಿಗೆ ತಪ್ಪಲ್ಲ ಹೇಳು? ಒಂದು ತಿಂಗಳಲ್ಲಿ ಎಲ್ಲರೂ ಮರೀತಾರೆ."

"ನಾನು ಮರೆಯಲ್ಲ," ಎಂದು ಸಿನ್ನೋವೆ ಅವನ ಕೈಯನ್ನು ಹೆಗಲಿನಿಂದ ಇಳಿಸಿದಳು.

ಅವನು ಬೇಸರ ಮಾಡಿಕೊಳ್ಳಲಿಲ್ಲ. ಹಾಲ್ದಿಸ್ ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರಿಸಿದ. ಹೊಸ ಸ್ವಿಂಗರಿಗೆ ರಬ್ಬರು ಎರಕ ಹೊಯ್ಯುವವ ರಜೆಯಲ್ಲಿದ್ದುದರಿಂದ ಆ ಕೆಲಸವನ್ನೂ ತಾನೇ ಮುಗಿಸಿದೆ ಎಂದ. ಒಳ್ಳೆಯ ಸ್ವಿಂಗರ್ ನೋಡಲು ಹೇಗಿರುತ್ತದೆ ಎಂದು ಅವಳು ಕೇಳಿದಾಗ, ಯಾವಾಗಲೂ ಜೊತೆಗೇ ಒಯ್ಯುವ ಪೆಟ್ಟಿಗೆಯ ಬೀಗ ತೆಗೆದು ಒಂದನ್ನು ಅವಳ ಕೈಗಿತ್ತ.

"ಇದೇ ಥರದ್ದರಲ್ಲಿ ಇದು ಮೊದಲನೇದು. ಗಿರಾಕಿಗಳಿಗೆ ತೋರಿಸೋಕೆ ಇಟ್ಕೊಂಡಿದ್ದೀನಿ. ಹೋದ ವರ್ಷದಿಂದ ಇದು ನೀರೇ ಕಂಡಿಲ್ಲ, ಪಾಪ."

ಅದರ ರಬ್ಬರು ಜೇನಿನಂತೆ ತಿಳಿಯಾಗಿತ್ತು. ಕೇಬಲು ಗಿಡ್ಡ. ಹಾಲ್ದಿಸ್ ಅದನ್ನು ಕಣ್ಣಿನ ಹತ್ತಿರ, ಮೂಗಿನ ಹತ್ತಿರ ತಂದು ನೋಡಿ ನನ್ನ ಕೈಗೆ ಕೊಟ್ಟಳು.

"ಇದರ ಬಣ್ಣಕ್ಕೂ ಅದರ ಬಣ್ಣಕ್ಕೂ ಇಷ್ಟೊಂದು ವ್ಯತ್ಯಾಸ ಯಾಕೆ?"

"ರಬ್ಬರು ಒಂದೊಂದ್ಸಲ ಒಂದೊಂದು ಥರ ಬರುತ್ತೆ," ಎಂದು ನಕ್ಕು ತೋರ್‌ಗೈರ್ ಅದನ್ನು ಮರಳಿ ಪೆಟ್ಟಿಗೆಯಲ್ಲಿಟ್ಟ. ಹೊರಗೆ ಬಂದು ಮೂಗು ಉಜ್ಜಿಕೊಂಡಾಗ ನನ್ನ ಬೆರಳಿನಲ್ಲಿ ತೆಳುವಾದ ನಿಂಬೆಯ ವಾಸನೆ ಇತ್ತು. ನಾನು ಅದಕ್ಕೆ ಬೆಲೆ ಕೊಡಲಿಲ್ಲ.

ಭಾನುವಾರ ಸಿನ್ನೋವೆ ಲ್ಯಾಪ್‌ಟಾಪನ್ನು ಹಾಲ್ದಿಸ್‌ಳ ಊಟದ ಮೇಜಿನ ಮೇಲೆ ತೆರೆದಳು. "ನನಗೆ ತಲೆಗೆ ಹೋಗೋ ಹಾಗೆ ಹೇಳು," ಎಂದಿದ್ದಳು ಹಾಲ್ದಿಸ್. "ಓಡ್‌ವಾರ್‌ನ ತಲೆಗೂ ಹೋಗ್ಬೇಕು. ಅದು ಸ್ವಲ್ಪ ಹೆಚ್ಚಿನ ಕೆಲಸ."

"ಸ್ವಿಂಗರ್ ಒಳಗೆ ಒಂದು ಪಿಂಗಾಣಿ ಬಿಲ್ಲೆ ಇರುತ್ತೆ," ಎಂದು ಸಿನ್ನೋವೆ ಶುರುಮಾಡಿದಳು. "ಕರೆಂಟ್ ಕೊಟ್ರೆ ಅದು ಹಿಗ್ಗಿ ಕುಗ್ಗಿ ನೀರನ್ನ ತಳ್ಳುತ್ತೆ, ಅದೇ ಸದ್ದು. ನೀರಲ್ಲಿ ಸದ್ದು ಹೇಗೆ ಹೋಗುತ್ತೆ ಅಂತ ಲೆಕ್ಕ ಹಾಕೋ ತಂತ್ರಾಂಶ ನಮ್ಮಲ್ಲಿದೆ. ಆದ್ರೆ ಬರೀ ಸದ್ದಿನ ಲೆಕ್ಕ ಸಾಲಲ್ಲ, ಬಿಲ್ಲೆ ಕರೆಂಟಿನ ಜೊತೆ ಹೇಗೆ ನಡ್ಕೊಳ್ಳುತ್ತೆ ಅಂತಾನೂ ಅದಕ್ಕೆ ಹೇಳಿಕೊಡ್ಬೇಕು. ನಾನು ಮಾಡೋದು ಅದನ್ನ."

ಪರದೆಯ ಮೇಲೆ ಒಂದು ಗೆರೆ ಮೂಡಿತು. "ಕರೆಂಟಿನ ಕಂಪನ ಏರಿಸ್ತಾ ಹೋದ ಹಾಗೆ ಬಿಲ್ಲೆ ಅದಕ್ಕೆ ಎಷ್ಟು ಅಡ್ಡಿ ಒಡ್ಡುತ್ತೆ ಅನ್ನೋದು ಈ ಗೆರೆ. ಇಲ್ಲೊಂದು ತಗ್ಗು, ಆಮೇಲೊಂದು ಉಬ್ಬು. ಎರಡರ ಮಧ್ಯೆ ಎಷ್ಟು ಅಂತರ ಇದೆಯೋ ಬಿಲ್ಲೆಗೆ ಅಷ್ಟು ಕಸುವು. ಆ ಕಸುವನ್ನ ತಯಾರಿಸುವಾಗ ತುಂಬ್ತಾರೆ. ಮಿತಿಮೀರಿ ಕಾದ್ರೆ ಅದು ಹೋಗಿಬಿಡುತ್ತೆ. ಆಮೇಲೆ ತಗ್ಗೂ ಇಲ್ಲ, ಉಬ್ಬೂ ಇಲ್ಲ. ಈ ಕಾಫಿ ಕಪ್ಪಿಗೂ ಅದಕ್ಕೂ ಭೇದ ಇರಲ್ಲ."

"ಅಂದ್ರೆ ನಮ್ಮ ಸ್ವಿಂಗರ್ ಸತ್ತಿದ್ದು ಬಿಸಿಯಿಂದ. ನಿನ್ನ ವೋಲ್ಟಿಗೆ ಅಷ್ಟು ಬಿಸಿ ಆಗುತ್ತಾ?"

ಸಿನ್ನೋವೆ ಅಂಕಿಗಳನ್ನು ಬದಲಿಸಿದಳು. ಕೇಬಲನ್ನು ಹನ್ನೆರಡು ಮೀಟರ್ ಮಾಡಿ, ಸಮುದ್ರದ ತಣ್ಣೀರಿನಲ್ಲಿಟ್ಟು, ಅದೇ ವೋಲ್ಟ್ ಕೊಟ್ಟು ಲೆಕ್ಕ ಹಾಕಿಸಿದಳು. ಬಿಲ್ಲೆ ಸ್ವಲ್ಪ ಬೆಚ್ಚಗಾಯಿತು, ಅಷ್ಟೇ. ಆಮೇಲೆ ಹಾಲ್ದಿಸ್ ಹೇಳಿದಂತೆ ಬಿಲ್ಲೆಯ ಕಸುವನ್ನು ಅರ್ಧಕ್ಕಿಳಿಸಿ, ಯೋಸ್ತೈನ್ ಹೇಳಿದ ಹಾಗೆ ಎರಡು ಸಲ ವೋಲ್ಟ್ ಏರಿಸಿದಳು. ಈ ಸಲ ಬಿಸಿಯ ಗೆರೆ ಮೇಲೆ ಹೋಗಿ ಅಂಚಿಗೆ ಬಡಿಯಿತು.

"ಅರ್ಧ ಸತ್ತದ್ದು ನೀರಿಗೆ ಇಳೀತು," ಎಂದಳು ಹಾಲ್ದಿಸ್. "ಅದಕ್ಕೇ ಮೊದಲಿಂದಲೂ ಮಂಕು."

"ಆದ್ರೆ ಬೆಳಿಗ್ಗೆ ವೀದಾರ್ ಅಳೆದಾಗ ಪೂರಾ ಸರಿಯಾಗಿತ್ತಲ್ಲ," ಎಂದೆ ನಾನು.

"ಅದನ್ನೇ ನೋಡೋಣ. ಸಿನ್ನೋವೆ, ನಿನ್ನ ಹಳೇ ಗೆರೆ, ಅವನ ಗೆರೆ, ಎರಡನ್ನೂ ಒಟ್ಟಿಗೆ ಹಾಕು."

ಎರಡೂ ಒಂದರ ಮೇಲೊಂದು ಕೂತವು. ಉಬ್ಬಿನ ಬಲಗಡೆ ವೀದಾರನ ಗೆರೆಯಲ್ಲಿ ಮಾತ್ರ ಸಣ್ಣದೊಂದು ಗಂಟು ಇತ್ತು.

"ಕೇಬಲ್ ಉದ್ದ ಆದ್ರೆ ಗೆರೆ ಏನಾಗುತ್ತೆ?" ಎಂದಳು ಹಾಲ್ದಿಸ್.

"ಕೇಬಲಿಗೂ ಒಂದಿಷ್ಟು ಕರೆಂಟ್ ಹೀರೋ ಗುಣ ಇದೆ. ಉದ್ದ ಆದಷ್ಟೂ ಜಾಸ್ತಿ. ತಗ್ಗು ಅಲ್ಲೇ ಇರುತ್ತೆ, ಉಬ್ಬು ತಗ್ಗಿನ ಹತ್ರ ಸರಿದು..." ಸಿನ್ನೋವೆ ಮಾತು ನಿಲ್ಲಿಸಿದಳು. ಹನ್ನೆರಡು ಮೀಟರಿನ ಗೆರೆಯನ್ನೂ ತಂದು ಹಾಕಿದಳು. ಅದರ ಉಬ್ಬು ಬಹಳ ಎಡಕ್ಕೆ ನಿಂತಿತ್ತು.

"ನನ್ನ ಮಾದರಿಯಲ್ಲಿ ಕೇಬಲ್ ತಪ್ಪಿದೆ," ಎಂದಳು ನಿಧಾನವಾಗಿ. "ತಪ್ಪಿರೋ ಮಾದರಿಗೂ ನಿಜವಾದ ಅಳತೆಗೂ ತಾಳೆ ಆಗಲೇಬಾರದಿತ್ತು. ತಾಳೆ ಆಯ್ತು ಅಂತ ನಾನು ಖುಷಿಪಟ್ಟೆ."

"ಹಾಗಾದ್ರೆ ವೀದಾರ್ ಅಳೆದೇ ಇಲ್ಲ," ಎಂದು ನಾನು ಎದ್ದು ನಿಂತೆ. "ನಿನ್ನ ಗೆರೆಯನ್ನೇ ನಕಲು ಮಾಡಿ ಸಹಿ ಹಾಕಿದ್ದಾನೆ. ಅದಕ್ಕೇ ಅವನಿಗೆ ಊಟ ಸೇರ್ತಿಲ್ಲ."

"ಕೂತ್ಕೊ ಓಡ್‌ವಾರ್. ಈ ಗಂಟು ಏನು, ಸಿನ್ನೋವೆ?"

"ಬಿಲ್ಲೆ ಅಡ್ಡಡ್ಡಕ್ಕೂ ಸ್ವಲ್ಪ ನಡುಗುತ್ತೆ. ನನ್ನ ಮಾದರಿಯಲ್ಲಿ ಅದನ್ನ ಬಿಟ್ಟಿದ್ದೀನಿ. ಪ್ರತಿ ಬಿಲ್ಲೆಗೂ ಅದು ಒಂದೊಂದು ಥರ, ಬೆರಳಚ್ಚಿನ ಹಾಗೆ."

"ನಿನ್ನ ಗೆರೆಯಲ್ಲಿ ಇಲ್ಲದ್ದು ನಕಲಿಗೆ ಎಲ್ಲಿಂದ ಬಂತು? ವೀದಾರ್ ಅಳೆದಿದ್ದಾನೆ, ಪ್ರಾಮಾಣಿಕವಾಗೇ ಅಳೆದಿದ್ದಾನೆ. ಯಾವುದನ್ನ ಅಳೆದ ಅನ್ನೋದೇ ಪ್ರಶ್ನೆ." ಅವಳು ಎದ್ದು ಫೋನ್ ತೆಗೆದುಕೊಂಡಳು. "ಐವಿಂದ್ ಹಾಸ್ಲೆಗೆ ಹೇಳ್ತೀನಿ. ನಾಳೆ ಸಹಿ ಮಾಡಿಸ್ಕೊಳ್ಳೋದಾದ್ರೆ ಅಳತೆಯ ಕೋಣೆಯಲ್ಲಿ, ಎಲ್ಲರ ಎದುರು ಮಾಡಿಸ್ಕೊಳ್ಲಿ. ಮುಳುಗುಗಾರನೂ ಬರಲಿ."

ಸೋಮವಾರ ಆರು ಜನ ಅಳತೆಯ ಕೋಣೆಯಲ್ಲಿ ಸೇರಿದೆವು. ಆಸ್ಪತ್ರೆಯಿಂದ ನೇರ ಬಂದಿದ್ದ ಯೋಸ್ತೈನ್ ಏಳನೆಯವನು. ಹಾಸ್ಲೆ ಪತ್ರವನ್ನೂ ಪೆನ್ನನ್ನೂ ಮೇಜಿನ ಮೇಲೆ ನೀಟಾಗಿ ಇಟ್ಟಿದ್ದ. ಅವನೂ ಹಾಲ್ದಿಸ್‌ಳೂ ಒಂದೇ ಶಾಲೆಯಲ್ಲಿ ಓದಿದವರು, ಆಗಿನಿಂದಲೂ ಅವರಿಗೆ ಹೊಂದಿಕೆಯಿಲ್ಲ.

"ಬೇಗ ಮುಗಿಸು ಹಾಲ್ದಿಸ್. ಇದು ನಿನ್ನ ಆಯೋಗ ಅಲ್ಲ."

"ಅಲ್ಲಿ ಆಗಿದ್ರೆ ನೀನು ಇಷ್ಟು ಹೊತ್ತಿಗೆ ವಕೀಲನನ್ನ ಕರೀತಿದ್ದೆ. ತೋರ್‌ಗೈರ್, ಆ ಪೆಟ್ಟಿಗೆಯಲ್ಲಿರೋ ಸ್ವಿಂಗರನ್ನ ಒಂದು ಗಳಿಗೆ ಕೊಡು. ವೀದಾರ್, ಅದನ್ನ ಅಳೆದು ತೋರಿಸು."

ತೋರ್‌ಗೈರ್ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಇದು ತೋರಿಸೋ ಮಾಲು. ಸುಮ್ನೆ ನೀರಿಗೆ ಹಾಕಿ ಕೆಡಿಸೋದು ಬೇಡ."

"ಸ್ವಿಂಗರ್ ನೀರಿಗೆ ಹಾಕಿದ್ರೆ ಕೆಡೋ ಹಾಗಿದ್ರೆ ನೀವು ಬೇರೆ ಏನಾದ್ರೂ ಮಾರ್ಬೇಕು," ಎಂದ ಯೋಸ್ತೈನ್. ಹಾಸ್ಲೆ ಕೈಚಾಚಿ ಪೆಟ್ಟಿಗೆ ತೆರೆಸಿದ.

ವೀದಾರ್ ಈ ಸಲ ತಾನೇ ಆಚೆ ಹೋಗಿ ಸೋಪು ಸವರಿ ತಾನೇ ಇಳಿಸಿದ. ಪ್ಲಗ್ಗನ್ನು ಉಪಕರಣಕ್ಕೆ ಸಿಕ್ಕಿಸಿದ. ಗೋಡೆಯ ಪರದೆಯ ಮೇಲೆ ಗುರುವಾರದ ಅಳತೆ ಕೆಂಪು ಗೆರೆಯಾಗಿ ಮೊದಲೇ ಇತ್ತು. ಹೊಸದು ನೀಲಿಯಲ್ಲಿ ಎಡದಿಂದ ಬೆಳೆಯುತ್ತ ಬಂತು. ತಗ್ಗಿಗೆ ಇಳಿಯಿತು, ಉಬ್ಬಿಗೆ ಏರಿತು, ಬಲಕ್ಕೆ ಇಳಿಯುವಾಗ ಸಣ್ಣ ಗಂಟನ್ನು ಕಟ್ಟಿತು. ಕೆಂಪು ಗೆರೆ ಅದರಡಿ ಕಾಣದಾಯಿತು.

"ಗುರುವಾರ ನಾನು ಅಳೆದಿದ್ದು ಇದನ್ನ," ಎಂದ ವೀದಾರ್. "ನಂಬರ್ ಬಿಲ್ಲೆ ಮಾತ್ರ ಆ ಇನ್ನೊಂದರದ್ದು."

ಹಾಲ್ದಿಸ್ ಒಂದೊಂದೇ ಎಳೆ ಬಿಡಿಸಿದಳು. "ಪರೀಕ್ಷೆ ಗುರುವಾರ ಅಂತ ರಕ್ಷಣಾ ಸಂಘಕ್ಕೆ ಮಾತು ಕೊಟ್ಟಾಗಿತ್ತು. ಹೊಸ ಸ್ವಿಂಗರಿನ ರಬ್ಬರು ಗಟ್ಟಿಯಾಗೋಕೆ ಹೊತ್ತು ಸಾಲ್ತಿರಲಿಲ್ಲ. ಎರಕ ಹೊಯ್ದವನು ಓವನಿನ ಬಿಸಿ ಏರಿಸಿದ. ರಬ್ಬರು ಬೇಗ ಗಟ್ಟಿಯಾಯ್ತು, ಜೊತೆಗೆ ಕಂದು ಬಣ್ಣಕ್ಕೆ ತಿರುಗಿತು. ಒಳಗಿನ ಬಿಲ್ಲೆಯ ಕಸುವು ಅರ್ಧ ಇಳೀತು. ಅವನಿಗೆ ಅದು ಗೊತ್ತಾಯ್ತು. ವೀದಾರ್ ಅಳೆದ್ರೆ ಪಾಸ್ ಮಾಡಲ್ಲ ಅಂತಾನೂ ಗೊತ್ತಿತ್ತು. ಅದಕ್ಕೆ ಹಿಂದಿನ ಸಂಜೆ ಒಳ್ಳೇದಕ್ಕೆ ಕೆಟ್ಟದ್ದರ ನಂಬರ್ ಬಿಲ್ಲೆ ಸಿಕ್ಕಿಸಿ ತೊಟ್ಟಿಗೆ ಇಳಿಸಿದ. ಅಳತೆ ಆದ ಮೇಲೆ ನಂಬರ್ ಬಿಲ್ಲೆ ಬದಲಾಯಿಸಿ, ಕೆಟ್ಟದ್ದನ್ನ ದೋಣಿಗೆ ಕಳಿಸಿದ. ಕೇಬಲ್ ಗಿಡ್ಡ ಅಂತ ಒಳ್ಳೇದನ್ನ ಕಳಿಸೋ ಹಾಗಿರಲಿಲ್ಲ. ಅದೇ ಗಿಡ್ಡ ಕೇಬಲ್ ಅವನನ್ನ ಹಿಡ್ಕೊಟ್ಟಿತು. ಅಳತೆಯಲ್ಲಿ ಐದು ಮೀಟರ್ ಕೂತಿತ್ತು, ಸಿನ್ನೋವೆಯ ತಿದ್ದದ ಮಾದರಿಯಲ್ಲೂ ಐದು ಮೀಟರ್. ಅವಳು ತಿದ್ದಿದ್ರೆ ಎರಡೂ ತಾಳೆ ಆಗ್ತಿರಲಿಲ್ಲ, ಅವತ್ತೇ ಸಿಕ್ಕಿಬೀಳ್ತಿದ್ದ."

"ಹೋದ ವರ್ಷದಿಂದ ನೀರೇ ಕಂಡಿಲ್ಲ ಅಂದೆ, ತೋರ್‌ಗೈರ್," ಎಂದು ಅವಳು ಅವನತ್ತ ತಿರುಗಿದಳು. "ಶನಿವಾರ ಅದಕ್ಕೆ ಈ ತೊಟ್ಟಿಯ ಸೋಪಿನ ವಾಸನೆ ಇತ್ತು. ಪೆಟ್ಟಿಗೆ ನಿನ್ನ ಹತ್ರ, ಬೀಗ ನಿನ್ನ ಹತ್ರ, ಎರಕ ಹೊಯ್ದಿದ್ದು ನೀನು. ದೋಣಿಯಲ್ಲಿ ಚಿತ್ರ ಮಂಕಾದಾಗ ಕಾರಣ ಗೊತ್ತಿದ್ದವನು ನೀನೊಬ್ಬನೇ. ಪರೀಕ್ಷೆ ನಿಲ್ಲಿಸೋ ಬದಲು ಎರಡು ಸಲ ವೋಲ್ಟ್ ಏರಿಸಿದೆ. ಉಳಿದರ್ಧ ಅಲ್ಲಿ ಸುಟ್ಟಿತು."

ತೋರ್‌ಗೈರ್ ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿದ. "ತಡೆಯುತ್ತೆ ಅಂದ್ಕೊಂಡೆ," ಎಂದ. "ಒಂದು ಸಲ ಇಳಿದು ಹತ್ತೋದು, ಅಷ್ಟೇ ಇತ್ತು. ದಿನ ಮುಂದಕ್ಕೆ ಹಾಕಿದ್ರೆ ಅವರು ಬೇರೆ ಕಡೆ ಹೋಗ್ತಿದ್ರು, ಇಲ್ಲಿ ಎಷ್ಟು ಜನರ ಕೆಲಸ ನಿಂತಿದೆ ಇದರ ಮೇಲೆ. ಯಾರಿಗೂ ಕೇಡು ಬಯಸ್ಲಿಲ್ಲ ನಾನು. ಸಿನ್ನೋವೆ, ನಿನ್ನ ಕೆಲಸವನ್ನೂ ಉಳಿಸೋಕೇ ನೋಡಿದೆ."

"ನನ್ನ ಹೆಸರು ಕೊಟ್ಟು," ಎಂದಳು ಸಿನ್ನೋವೆ.

"ನಾನು ಕತ್ತಲಲ್ಲಿ ಕರೀತಿದ್ದೆನಲ್ಲ," ಎಂದ ಯೋಸ್ತೈನ್. "ಆಗ ನೀನು ಕೇಳಿಸ್ಕೊಳ್ತಿದ್ಯಾ?"

"ಹೂಂ."

"ಮತ್ತೆ ಯಾಕೆ ಮಾತಾಡ್ಲಿಲ್ಲ?"

ತೋರ್‌ಗೈರ್ ಪೆಟ್ಟಿಗೆಯ ಕೀಲಿಯನ್ನು ಮೇಜಿನ ಮೇಲಿಟ್ಟ.

ಹಾಸ್ಲೆ ಮೇಜಿನ ಮೇಲಿದ್ದ ಪತ್ರವನ್ನು ಎತ್ತಿ ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ ನಾನು. ಆದರೆ ಅವನು ಗಂಟಲು ಸರಿಮಾಡಿಕೊಂಡು ಸಿನ್ನೋವೆಯತ್ತ ನೋಡಿದ. "ನಿನ್ನ ಮೇಲೆ ಇನ್ನು ಯಾವ ಮಾತೂ ಇಲ್ಲ. ಬೇರೆ ಥರ ಬರೆಯೋಣ. 'ಕಾರಣ ಪತ್ತೆಯಾಗಲಿಲ್ಲ' ಅಂತ. ಯಾರ ಹೆಸರೂ ಬೇಡ. ತೋರ್‌ಗೈರ್ ತಾನಾಗೇ ಬಿಟ್ಟುಹೋಗ್ತಾನೆ, ಯೋಸ್ತೈನ್‌ಗೆ ಏನು ಆಗ್ಬೇಕೋ ನಾನು ನೋಡ್ಕೋತೀನಿ. ಅದಕ್ಕೆ ಸಹಿ ಹಾಕ್ತೀಯಲ್ಲ?"

"ಕಾರಣ ಪತ್ತೆಯಾಗಿದೆ."

"ಕಂಪನಿ ಮುಳುಗಿದ್ರೆ ನೀನೂ ಮುಳುಗ್ತೀಯ."

"ಮುಳುಗೋದು ಹೇಗಿರುತ್ತೆ ಅಂತ ಇವರನ್ನ ಕೇಳಿ," ಎಂದು ಸಿನ್ನೋವೆ ಯೋಸ್ತೈನ್‌ನನ್ನು ತೋರಿಸಿದಳು. ದನಿ ಏರಿಸಲಿಲ್ಲ. "ಐವಿಂದ್, ಶುಕ್ರವಾರ ಒಂದು ಸುಳ್ಳು ತಂದ್ರಿ. ಇವತ್ತು ಅದಕ್ಕಿಂತ ಸಣ್ಣ ಸುಳ್ಳು ತಂದಿದ್ದೀರಿ. ನಾನು ಎರಡಕ್ಕೂ ಹಾಕಲ್ಲ."

ಹಾಸ್ಲೆ ವೀದಾರನ ಕಡೆ ನೋಡಿದ. ಅಲ್ಲಾದರೂ ಒಂದು ಆಸರೆ ಸಿಗಬಹುದೆಂಬ ನಿರೀಕ್ಷೆ ಅವನ ಮುಖದಲ್ಲಿತ್ತು. ಆ ಮೆಲುಮಾತಿನ ಮನುಷ್ಯ ಗುರುವಾರದ ಅಳತೆಯ ಹಾಳೆಯನ್ನು ಮುಂದಕ್ಕೆಳೆದು, ಹಾಸ್ಲೆ ಇಟ್ಟಿದ್ದ ಪೆನ್ನಿನಿಂದಲೇ ತನ್ನ ಸಹಿಯ ಮೇಲೆ ಗೆರೆ ಎಳೆದ. ಕೆಳಗೆ 'ಇದು ಬೇರೆ ಸ್ವಿಂಗರಿನ ಅಳತೆ' ಎಂದು ಬರೆದು ಮತ್ತೆ ಸಹಿ ಹಾಕಿದ. ನಂತರ ಕುರ್ಚಿಯನ್ನು ಸಿನ್ನೋವೆಯ ಪಕ್ಕಕ್ಕೆ ಎಳೆದುಕೊಂಡು ಕೂತ.

ಸಿನ್ನೋವೆ ಅಲ್ಲಿಂದಲೇ ಕಾರ್ಮಿಕ ಸುರಕ್ಷತೆಯ ಕಚೇರಿಗೆ ಫೋನ್ ಮಾಡಿದಳು. ತನ್ನ ಪೂರ್ತಿ ಹೆಸರು ಹೇಳಿದಳು, ಅಕ್ಷರ ಬಿಡಿಸಿ ಹೇಳಿದಳು. ಕೇಬಲಿನ ವಿಷಯದಲ್ಲಿ ತನ್ನದೂ ಒಂದು ತಪ್ಪಿದೆ ಎಂದು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಹೇಳಿದಳು. ಅವಳು ಮಾತು ಮುಗಿಸುವವರೆಗೂ ಹಾಸ್ಲೆ ಬಾಗಿಲಲ್ಲೇ ನಿಂತಿದ್ದ. ತಡೆಯಲಿಲ್ಲ.

ವಿಚಾರಣೆ ಬೇಸಿಗೆಯವರೆಗೆ ನಡೆಯಿತು. ತೋರ್‌ಗೈರ್ ನ್ಯಾಯಾಲಯದಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ರಕ್ಷಣಾ ಸಂಘದವರು ಬೇರೆ ಕಡೆ ಹೋಗಲಿಲ್ಲ, ಆದರೆ ಮುಂದಿನ ಪ್ರತಿ ಅಳತೆಯ ಹೊತ್ತಿಗೂ ತಮ್ಮವನೊಬ್ಬ ತೊಟ್ಟಿಯ ಪಕ್ಕ ನಿಂತಿರಬೇಕೆಂದು ಷರತ್ತು ಹಾಕಿದರು. ಆ ಒಬ್ಬ ಯೋಸ್ತೈನ್. ಒಂದೇ ಕಿವಿಯವನು ಮುಳುಗುವಂತಿಲ್ಲ ಎಂದು ವೈದ್ಯರು ಹೇಳಿದ್ದರಿಂದ ಅವನಿಗೆ ಆ ಕೆಲಸ ಒಗ್ಗಿತು. ಹಾಸ್ಲೆಯನ್ನು ಗೋಳುಹೊಯ್ದುಕೊಳ್ಳುವುದಂತೂ ಬಹಳ ಇಷ್ಟವಾಯಿತು.

ಅದೇ ಸುಮಾರಿಗೆ ಹಾಸ್ಲೆ ಸಿನ್ನೋವೆಯನ್ನು ಕರೆದು, ತ್ರೋಂಡ್‌ಹೈಮಿನ ಒಳ್ಳೆಯ ಸಂಸ್ಥೆಯೊಂದಕ್ಕೆ ಅವಳನ್ನು ಹೊಗಳಿ ಶಿಫಾರಸು ಮಾಡುವುದಾಗಿ ಹೇಳಿದನಂತೆ. ಇಷ್ಟೆಲ್ಲ ಆದ ಮೇಲೆ ಇಲ್ಲಿ ಇರುವುದು ಇಬ್ಬರಿಗೂ ಕಷ್ಟ ಎಂದನಂತೆ. ಅವಳು ಏನು ಹೇಳಿದಳೆಂದು ವೀದಾರ್ ನಮಗೆ ಹೇಳಿದ. ಹೇಳುವಾಗ ಅವನು ಮೊದಲ ಬಾರಿಗೆ ಬಾಯ್ತುಂಬ ನಗುವುದನ್ನು ಕಂಡೆ.

"ನಿಮಗೆ ಕಷ್ಟ ಆದ್ರೆ ನೀವು ಹೋಗಿ," ಎಂದಳಂತೆ. "ನನಗೆ ಮುಂದಿನ ಸ್ವಿಂಗರಿಗೆ ಹನ್ನೆರಡು ಮೀಟರಿನ ಲೆಕ್ಕ ಇನ್ನೂ ಬಾಕಿ ಇದೆ."